ಬಾವಲಿ ಹಕ್ಕಿ, ತಿಮಿಂಗಿಲ ಮೀನು ಅನ್ನೋ ಮಗಳಿಗೆ ಹೇಗೆ ಹೇಳಿಕೊಡಲಿ? ನಿಮ್ಮ ಅನುಭವ ತಿಳಿಸಿ

ಮಗಳಿಗೆ ಹತ್ತು ವರ್ಷ. ಮೀನು, ಉಭಯಚರ, ಸರೀಸೃಪ, ಹಕ್ಕಿ, ಸಸ್ತನಿ ಅಂತ ಬೆನ್ನೆಲುಬಿನ ಪ್ರಾಣಿಗಳ ಐದು ಗುಂಪು ಬಾಯಿಪಾಠ ಆಗಿದೆ. ಆದರೆ ಬಾವಲಿಯನ್ನು ಹಕ್ಕಿ ಅಂತಾಳೆ, ತಿಮಿಂಗಿಲವನ್ನು ಮೀನು ಅಂತಾಳೆ, ಕಪ್ಪೆ ಹಲ್ಲಿ ಎರಡನ್ನೂ ಒಂದೇ ಗುಂಪಿಗೆ ಹಾಕ್ತಾಳೆ. ಪಟ್ಟಿ ಬರೆದು ಗೋಡೆಗೆ ಅಂಟಿಸಿದ್ದೂ ಆಯ್ತು. ಮಕ್ಕಳಿಗೆ ಇದನ್ನು ಹೇಳಿಕೊಟ್ಟವರು ಇದ್ದರೆ ದಯವಿಟ್ಟು ಬರೆಯಿರಿ.

ಜೀವಶಾಸ್ತ್ರದ ಮೇಷ್ಟ್ರು:
ಮೇಡಂ, ಅವಳು ಪ್ರಾಣಿ ಎಲ್ಲಿರುತ್ತೆ ಅನ್ನೋದರಿಂದ ಶುರು ಮಾಡ್ತಿದ್ದಾಳೆ. ನೀರಲ್ಲಿದ್ದರೆ ಮೀನು, ಹಾರಿದರೆ ಹಕ್ಕಿ. ತುಂಬಾ ಮಕ್ಕಳು ಎಡವೋದು ಇಲ್ಲೇ. ಮೊದಲು ಮೈಮೇಲೆ ಏನಿದೆ, ಹೇಗೆ ಉಸಿರಾಡುತ್ತೆ, ಮರಿಯನ್ನು ಹೇಗೆ ಸಾಕುತ್ತೆ ಅಂತ ಕೇಳಿ. ವಾಸದ ಜಾಗ ಕೊನೆಗೆ ಬರಲಿ.
ತಿಮಿಂಗಿಲಕ್ಕೆ ನಾನು ಮಾಡಿಸೋದು ಒಂದೇ ಆಟ. ಮಕ್ಕಳನ್ನು ನೆಲದ ಮೇಲೆ ಹಲ್ಲಿ ಥರ ಹೊಟ್ಟೆ ಎಳೆದುಕೊಂಡು ಹೋಗಿ ಅಂತೀನಿ, ಆಮೇಲೆ ಮೊಲದ ಥರ ಕುಪ್ಪಳಿಸಿ ಅಂತೀನಿ. ಮೊದಲನೆಯದರಲ್ಲಿ ಬೆನ್ನು ಎಡಕ್ಕೆ ಬಲಕ್ಕೆ ಬಾಗುತ್ತೆ, ಎರಡನೆಯದರಲ್ಲಿ ಮೇಲೆ ಕೆಳಗೆ. ಈಗ ವಿಡಿಯೊ ಹಾಕಿ ಬಾಲ ನೋಡಿಸಿ. ಮೀನಿನ ಬಾಲ ಪಕ್ಕಕ್ಕೆ ಬೀಸುತ್ತೆ, ತಿಮಿಂಗಿಲದ್ದು ಮೇಲೆ ಕೆಳಗೆ. ಯಾಕಂದ್ರೆ ಅದರ ಪೂರ್ವಜರು ಸುಮಾರು 5 ಕೋಟಿ ವರ್ಷದ ಹಿಂದೆ ನೆಲದ ಮೇಲೆ ನಾಲ್ಕು ಕಾಲಲ್ಲಿ ಓಡಾಡಿಕೊಂಡಿದ್ದವು. ನೀರಿಗೆ ಇಳಿದರೂ ಬೆನ್ನು ಬಾಗುವ ರೀತಿ ಹಾಗೇ ಉಳೀತು. ಉಸಿರಿಗೆ ಮೇಲೆ ಬರಲೇಬೇಕು, ಮರಿಗೆ ಹಾಲೂ ಕೊಡಬೇಕು.

ಇಬ್ಬರು ಮಕ್ಕಳ ಅಪ್ಪ:
ಕಪ್ಪೆ ಮತ್ತು ಹಲ್ಲಿ ವಿಷಯಕ್ಕೆ ನನ್ನ ಸಲಹೆ, ಸುಮ್ನೆ ಕೂತು ನೋಡಿ. ಮಗನ ಜೊತೆ ಹತ್ತು ನಿಮಿಷ ಒಂದು ಕಪ್ಪೆಯ ಗಂಟಲನ್ನೇ ನೋಡಿದ್ದೆ. ಪಟಪಟ ಅಂತ ಅಲ್ಲಾಡ್ತಾನೇ ಇರುತ್ತೆ. ನಮ್ಮ ಹಾಗೆ ಎದೆ ಉಬ್ಬಿಸಿ ಗಾಳಿ ಎಳೆಯೋಕೆ ಅದಕ್ಕೆ ಆಗಲ್ಲ. ಗಂಟಲು ಇಳಿಸಿ ಬಾಯಿಗೆ ಗಾಳಿ ತುಂಬಿಕೊಂಡು, ಮೂಗು ಮುಚ್ಚಿ, ಒಳಗೆ ತಳ್ಳುತ್ತೆ. ಚರ್ಮದಿಂದಲೂ ಉಸಿರಾಡುತ್ತೆ, ಅದಕ್ಕೇ ಮೈ ಯಾವಾಗಲೂ ಒದ್ದೆ ಇರಬೇಕು, ಅದಕ್ಕೇ ರಾತ್ರಿ ಹೊತ್ತು, ಮಳೆ ಬಂದಾಗ ಜಾಸ್ತಿ ಹೊರಗೆ ಬರುತ್ತೆ. ಹಲ್ಲಿ ಉಸಿರಾಡುವಾಗ ಪಕ್ಕೆ ಉಬ್ಬುತ್ತೆ. ಮೈ ಒಣ, ಬೆರಳಿಗೆ ಉಗುರು. ಮೊಟ್ಟೆಗೆ ಚಿಪ್ಪಿರೋದರಿಂದ ನೆಲದ ಮೇಲೇ ಇಡಬಹುದು, ಕಪ್ಪೆಯ ಲೋಳೆ ಮೊಟ್ಟೆ ಒಣಗಿದರೆ ಮುಗೀತು. ಇಷ್ಟು ಗೊತ್ತಾದ ಮೇಲೆ ಮರುಭೂಮಿಯಲ್ಲಿ ಹಲ್ಲಿ ಜಾತಿಯವು ಯಾಕೆ ಜಾಸ್ತಿ, ಕಪ್ಪೆ ಯಾಕೆ ಕಮ್ಮಿ ಅಂತ ಮಗನೇ ಹೇಳಿದ.

ಹಕ್ಕಿ ನೋಡುವವಳು:
ಬಾವಲಿಗೆ ಕಾಗದದ ಮೇಲೆ ಮಗಳ ಕೈ ಇಟ್ಟು ಗೆರೆ ಎಳೆಯಿರಿ. ನಾಲ್ಕು ಬೆರಳನ್ನು ಉದ್ದುದ್ದ ಮಾಡಿ, ನಡುವೆ ಚರ್ಮ ಹೊದಿಸಿ, ಹೆಬ್ಬೆರಳನ್ನು ಚಿಕ್ಕ ಕೊಕ್ಕೆಯಾಗಿ ಬಿಡಿ. ಅದೇ ಬಾವಲಿಯ ರೆಕ್ಕೆ! ಹಕ್ಕಿಯಲ್ಲಿ ಬೆರಳು ಕಮ್ಮಿ, ಕೂಡಿಕೊಂಡಿವೆ. ಅಗಲ ಕೊಡೋದು ಗರಿ.
ಬಿದ್ದ ಗರಿ ಸಿಕ್ಕರೆ ಅದರ ಎಳೆಗಳನ್ನು ಬಿಡಿಸಿ, ಆಮೇಲೆ ಬುಡದಿಂದ ತುದಿಗೆ ಮೆಲ್ಲಗೆ ಸವರಿ. ಜಿಪ್ ಹಾಕಿದ ಹಾಗೆ ಮತ್ತೆ ಕೂಡಿಕೊಳ್ಳುತ್ತೆ. ಹಕ್ಕಿ ದಿನವಿಡೀ ಕೊಕ್ಕಿನಿಂದ ಗರಿ ತೀಡಿಕೊಳ್ಳೋದು ಅದಕ್ಕೇ. ನನಗೆ ಇವತ್ತಿಗೂ ಇದು ನೋಡಿದರೆ ಖುಷಿ. ಕೈ ಮಾತ್ರ ತೊಳೆದುಕೊಳ್ಳಿ.

ಮೇಷ್ಟ್ರು ಮತ್ತೆ:
ಒಂದು ಮಾತು ಬಿಟ್ಟುಹೋಗಿತ್ತು. ಒಂದೇ ಗುರುತು ಹಿಡಿದು ತೀರ್ಮಾನ ಮಾಡೋದು ಬೇಡ. ಪ್ಲಾಟಿಪಸ್ ಮೊಟ್ಟೆ ಇಡುತ್ತೆ, ಆದರೆ ಕೂದಲಿದೆ, ಹಾಲು ಕೊಡುತ್ತೆ, ಹಾಗಾಗಿ ಸಸ್ತನಿ. ಮೊಸಳೆ ಹಲ್ಲಿಗಿಂತ ಹಕ್ಕಿಗೇ ಹತ್ತಿರದ ಸಂಬಂಧಿ, ಹೃದಯಕ್ಕೆ ನಾಲ್ಕು ಕೋಣೆ. ಇಂಥವನ್ನು ಮುಚ್ಚಿಡಬೇಡಿ, ಮಕ್ಕಳಿಗೆ ಇವೇ ಇಷ್ಟ ಆಗೋದು.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಕೈ ಚಿತ್ರ ಬರೆದಾಯ್ತು, ಬಾವಲಿ ಈಗ ಹಕ್ಕಿ ಅಲ್ಲ. ಆದರೆ ಹೊಸ ಪ್ರಶ್ನೆ ಬಂದಿದೆ: ಆಮೆಯ ಪಕ್ಕೆಲುಬು ಚಿಪ್ಪಿಗೇ ಸೇರಿಹೋಗಿದ್ದರೆ ಪಕ್ಕೆ ಉಬ್ಬಿಸೋದು ಹೇಗೆ, ಅಲ್ವಾ?

ಮೇಷ್ಟ್ರು:
ಉಬ್ಬಿಸಲ್ಲ! ಚಿಪ್ಪಿನೊಳಗೆ ಕಾಲಿನ ಸಂದಿಯ ಹತ್ತಿರ ಇರೋ ಸ್ನಾಯುಗಳೇ ಗಾಳಿ ಎಳೆದು ಬಿಡುತ್ತವೆ. ಆಮೆ ಸುಮ್ಮನೆ ಕೂತಿರುವಾಗ ಕಾಲಿನ ಬುಡದ ಚರ್ಮ ನೋಡೋಕೆ ಹೇಳಿ, ಒಳಗೆ ಹೊರಗೆ ಆಡ್ತಿರುತ್ತೆ.