ಸಿಜೇರಿಯನ್ ಆಗಿ 24 ದಿನ, ಎಣ್ಣಿ ಹಚ್ಚಾಕಿ ಹೊಟ್ಟಿ ಒತ್ತಬಹುದೇನ್ರಿ?

ಪ್ರಶ್ನೆ (ಬೆಟಗೇರಿ, ಗದಗ):
ಮೇಡಂ ನಮಸ್ಕಾರ. ನನಗ ಸಿಜೇರಿಯನ್ ಆಗಿ ಇವತ್ತಿಗೆ 24 ದಿನ ಆತು, ಚೊಚ್ಚಲ ಬಾಣಂತನ, ತವರಮನ್ಯಾಗ ಅದೀನಿ. ನಮ್ಮವ್ವ ಓಣ್ಯಾಗಿನ ಆಯಿ ಒಬ್ಬಾಕಿನ್ನ ಗೊತ್ತ ಮಾಡ್ಯಾಳ, ದಿನಾ ಮುಂಜಾನೆ ಬಂದು ಕೂಸಿಗೂ ನನಗೂ ಎಣ್ಣಿ ತಿಕ್ಕಿ ಎರದು ಹೋಗ್ತಾಳ. ಆಕಿ ಕೈ ಭಾಳ ಚಲೋ ಐತ್ರಿ, ಬೆನ್ನ ತಿಕ್ಕಾಕ ಹತ್ತಿದ್ರ ಕುಂತಲ್ಲೇ ನಿದ್ದಿ ಬರತೈತಿ. ಆದ್ರ ಮೊನ್ನಿಂದ ಹೊಟ್ಟಿ ಒತ್ತಾಕ ಶುರು ಮಾಡ್ಯಾಳ, ಅಂಗೈ ಬುಡಲೆ ಮ್ಯಾಲಿಂದ ಕೆಳಗ ಜಗ್ಗಿ ಜಗ್ಗಿ, ಒಳಗ ಗಾಳಿ ಹೊಕ್ಕೈತಿ ಈಗ ಒತ್ತಲಿಲ್ಲಂದ್ರ ಹೊಟ್ಟಿ ಜೋತ ಬೀಳತೈತಿ ಅಂತಾಳ. ನಿನ್ನೆ ಹೊಲಿಗಿ ಎಡಗಡೆ ಮೂಲ್ಯಾಗ ಚುರ್ ಅಂತು. ಅದರ ಮ್ಯಾಲ ಅವ್ವ ಹಳೇ ಕಾಟನ್ ಸೀರಿ ಎಷ್ಟ ಬಿಗದ ಕಟ್ಟತಾಳಂದ್ರ ಉಸರ ಹಿಡದಂಗ ಆಗತೈತಿ. ಬೆನ್ನ ನೋವಂತೂ ಕೇಳಬ್ಯಾಡ್ರಿ, ಬೆನ್ನಿಗೆ ಇಂಜೆಕ್ಷನ್ ಕೊಟ್ಟಾರಲ್ಲ ಇನ್ನ ಜಲ್ಮ ಇರೂತನ ಇದು ಹೋಗಂಗಿಲ್ಲ ಅಂತಾರ ಎಲ್ಲಾರೂ, ಖರೇನ ಏನ್ರಿ? ಯಜಮಾನ್ರು ಫಿಸಿಯೋಥೆರಪಿಗೆ ತೋರಸು ಅಂತಾರ, ಅವ್ವ ಅದು ಕಾಲ್ ಮುರದೋರಿಗೆ ಅಂತಾಳ. ನಾ ಯಾರ ಮಾತ ಕೇಳ್ಲಿ?

ಉತ್ತರ (ಫಿಸಿಯೋಥೆರಪಿಸ್ಟ್, ಧಾರವಾಡ):
ತಂಗಿ, ಮೊದಲ ಒಂದ ಕೆಲಸ ಮಾಡ್ರಿ, ಆ ಚುರ್ ಅಂದ ಜಾಗಾ ಬೆಳಕಿನ್ಯಾಗ ಯಾರ ಕಡೆನಾದ್ರೂ ನೋಡಿಸ್ರಿ ಇಲ್ಲಾ ಫೋನಿನ್ಯಾಗ ಫೋಟೋ ತಗದ ನೋಡ್ರಿ. ಕೆಂಪಾಗಿದ್ರ, ಬಿಸಿ ಹತ್ತತಿದ್ರ, ನೀರು ಕೀವು ಒಸರತಿದ್ರ, ಇಲ್ಲಾ ಜ್ವರ 100.4 ದಾಟಿದ್ರ ಇಲ್ಲಿ ನನ್ನ ಉತ್ತರ ಓದಕೋತ ಕೂಡಬ್ಯಾಡ್ರಿ, ಆಪರೇಷನ್ ಮಾಡಿದ ಡಾಕ್ಟರ್ ಕಡೆ ಇವತ್ತ ಹೋಗ್ರಿ. ಅವು ಏನೂ ಇಲ್ಲಂದ್ರ ಮುಂದ ಓದ್ರಿ.

ಆಯಿನ್ನ ಬಿಡಸಬ್ಯಾಡ್ರಿ. ಬೆನ್ನು, ಭುಜ, ಕುತಗಿ, ತೊಡಿ, ಅಂಗಾಲು ಎಲ್ಲಾ ಆಕಿ ಕೈಗೆ ಬಿಡ್ರಿ, ಹೊಟ್ಟಿ ಅಷ್ಟ ಬ್ಯಾಡ. ಯಾಕಂದ್ರ ನಿಮಗ ಮ್ಯಾಲ ಕಾಣೂದು ಒಂದ ಗೆರಿ, ಅದು ಕೂಡೇದ, ಒಣಗೇದ ಅಂತ ಅನಸತದ. ಆದ್ರ ಕತ್ತರಿ ಬಿದ್ದದ್ದು ಬರೇ ಚರ್ಮಕ್ಕಲ್ಲ. ಅದರ ಕೆಳಗ ಕೊಬ್ಬು, ಅದರ ಕೆಳಗ ಸ್ನಾಯುಗೋಳನ್ನ ಹೊದ್ದಕೊಂಡ ಗಟ್ಟಿ ಪದರ, ಆಮ್ಯಾಲ ಹೊಟ್ಟಿ ಒಳಪೊರಿ, ಕಡೀಕ ಗರ್ಭಚೀಲ, ಇಷ್ಟೂ ಕೊಯ್ದು ಆಮ್ಯಾಲ ಹೊಲಿಗಿ ಹಾಕ್ಯಾರ. ಒಳಗಿನ ಗಟ್ಟಿ ಪದರಕ್ಕ 24 ದಿನ ಏನೂ ಸಾಲಂಗಿಲ್ಲ. ಅಂಗೈ ಬುಡಲೆ ಕೆಳಗ ಜಗ್ಗಿದ್ರ ಜಗ್ಗೂದು ಆ ಹೊಲಿಗೀನ್ನ.

ಇನ್ನ ಹೊಟ್ಟಿ ಇಳಿಯೂದು ಒತ್ತಿದ್ದಕ್ಕಲ್ರಿ. ಹಡದ ದಿನ ಗರ್ಭಚೀಲ ಹೊಕ್ಕಳ ಮಟ್ಟಕ್ಕ ಇರತದ, ದಿನಕ್ಕ ಸುಮಾರು ಒಂದ ಬೆರಳಿನಷ್ಟ ಇಳದು 10-14 ದಿನಕ್ಕ ಮ್ಯಾಲಿಂದ ಮುಟ್ಟಿದ್ರ ಸಿಗಲಾರದಂಗ ಒಳಗ ಹೋಗತದ, 6 ವಾರಕ್ಕ ಹೆಚ್ಚುಕಡಿಮಿ ಮೊದಲಿನ ಅಳತಿಗೆ ಬರತದ. ಕೂಸಿಗೆ ಹಾಲ ಕುಡಸೂ ಮುಂದ ಮೊದಮೊದಲ ಕಿಬ್ಬೊಟ್ಟಿ ಹಿಂಡಿಧಂಗ ಆಗತಿತ್ತಲ್ಲ, ಅದ ಆ ಕೆಲಸ. ಹಾಲ ಇಳಸೂ ಆಕ್ಸಿಟೋಸಿನ್ ಅನ್ನೂ ಹಾರ್ಮೋನೇ ಗರ್ಭಚೀಲಾನೂ ಕುಗ್ಗಸತದ. ನಿಮ್ಮ ಆಯಿ ಒತ್ತಾಕ ಶುರು ಮಾಡೂದ್ರೊಳಗ ಅದು ಅರ್ಧಕ್ಕಿಂತ ಹೆಚ್ಚ ಮುಗದ ಹೋಗೇದ.

ಸೀರಿ ಕಟ್ಟೂದು ತಪ್ಪಲ್ಲ. ಸಿಜೇರಿಯನ್ ಆದಾಕಿಗೆ ಏಳಾಕ, ಅಡ್ಡಾಡಾಕ, ಕೆಮ್ಮಾಕ ಆಸರ ಬೇಕಾಗತದ. ಆದ್ರ ಕಟ್ಟಿದ ಮ್ಯಾಲ ಒಂದ ಕೈ ಒಳಗ ಸರಾಗ ಹೋಗಬೇಕು, ಊಟ ಮಾಡಿ ಕುಂತ್ರ ಉಸರ ಹಿಡೀಬಾರದು, ಮಲಗೂ ಮುಂದ ಬಿಚ್ಚಬೇಕು. ಸಿಕ್ಕಾಪಟ್ಟೆ ಬಿಗದ್ರ ಒತ್ತಡ ಎಲ್ಲಾ ಕೆಳಗ ಬೀಳತದ, ಒಂದಕ್ಕ ತಡಿಯೂ ಸ್ನಾಯುಗೋಳು ಅಲ್ಲೇ ಅವ, ಅವು ಮೊದಲ ಒಂಬತ್ತ ತಿಂಗಳು ಭಾರ ಹೊತ್ತು ಸಡಿಲ ಆಗಿರತಾವ. ಮತ್ತ ಸೀರಿ ಕಟ್ಟಿದ್ರ ಹೊಟ್ಟಿ ಸಣ್ಣ ಆಗತದ ಅನ್ನೂದು ಸೀರಿ ಬಿಚ್ಚೂತನಕ ಅಷ್ಟ ಖರೆ.

ಬೆನ್ನಿನ ಇಂಜೆಕ್ಷನ್ ಮಾತು ದಿನಕ್ಕ ನಾಲ್ಕ ಮಂದಿ ಕೇಳತಾರ. ಚುಚ್ಚಿದ ಜಾಗಾ ಒಂದಿಷ್ಟ ದಿನ ನೋಯಬಹುದು, ಅಷ್ಟ. ಇಂಜೆಕ್ಷನ್ ತಗೊಳ್ಳಲಾರದ ಹಡದಾರಿಗೂ ಇದ ಬೆನ್ನ ನೋವು ಬರತದ. ನೀವು ಹಾಲ ಕುಡಸೂದು ಹೆಂಗಂತ ನಾ ಇಲ್ಲೇ ಕುಂತ ಹೇಳತೇನಿ ನೋಡ್ರಿ: ಹೊರಸಿನ ಮ್ಯಾಲ ನಡಕ ಕುಂತು, ಬೆನ್ನಿಗೆ ಏನೂ ಇಲ್ಲ, ಕೂಸು ತೊಡಿ ಮ್ಯಾಲ ಕೆಳಗ, ನೀವು ಅದರ ಕಡೆ ಬಗ್ಗೀರಿ. ಹೌದಿಲ್ಲೋ? ಗ್ವಾಡಿಗೆ ಆನಿಸಿ ಕೂಡ್ರಿ, ನಡಾಕ ಒಂದ ಟಾವೆಲ್ ಸುತ್ತಿ ಇಟಗೋರಿ, ತೊಡಿ ಮ್ಯಾಲ ಎರಡ ದಿಂಬ ಹಾಕಿ ಕೂಸನ್ನ ಎದಿ ಮಟ್ಟಕ್ಕ ತರ್ರಿ. ಏಳೂ ಮುಂದ ಸೀದಾ ಎದ್ದ ಕೂಡಬ್ಯಾಡ್ರಿ, ಒಂದ ಮಗ್ಗಲಕ್ಕ ಹೊಳ್ಳಿ, ಕಾಲ ಕೆಳಗ ಬಿಟ್ಟು, ಕೈ ಊರಿ ಏಳ್ರಿ.

ಎರಕೊಳ್ಳೂ ನೀರಿನ ಬಗ್ಗೆ ಒಂದ ಮಾತು, ಇದು ನನ್ನ ಸ್ವಂತ ದಡ್ಡತನ. ಹೊಲಿಗಿ ಸುತ್ತ ಚರ್ಮ ತಿಂಗಳಗಟ್ಲೆ ಜೋಮ ಹಿಡಿಧಂಗ ಇರತದ, ಯಾಕಂದ್ರ ಅಲ್ಲಿನ ಸಣ್ಣ ನರಗೋಳು ಕತ್ತರಿಸಿರತಾವ. ನನ್ನ ಮಗಳು ಹುಟ್ಟಿದಾಗ ನಾನೂ ಕಿಬ್ಬೊಟ್ಟಿ ಮ್ಯಾಲ ಬಿಸಿನೀರಿನ ಚೀಲ ಇಟಗೊಂಡ ಮಲಗಿದ್ದೆ, ಹಿತ ಅನಸತಿತ್ತು, ಎದ್ದ ನೋಡಿದ್ರ ಅಂಗೈಯಷ್ಟ ಗುಳ್ಳಿ! ಮಂದಿಗೆ ಹೇಳೂ ಫಿಸಿಯೋಥೆರಪಿಸ್ಟ್ ನಾ. ಅದಕ್ಕ ಹಂಡೇದ ಸುಡೂ ನೀರು ಚರಿಗೀಲೆ ಹೊಟ್ಟಿಗೆ ರಪ್ ಅಂತ ಹೊಡಸಕೋಬ್ಯಾಡ್ರಿ, ನಿಮಗ ಸುಟ್ಟದ್ದ ಗೊತ್ತಾಗಂಗಿಲ್ಲ. ಅಗ್ಗಿಷ್ಟಿಗಿ ಶೇಕ ತಗೊಳ್ಳಾಕ ಹತ್ತಿದ್ರ ಕಿಡಕಿ ತಗದಿರಲಿ, ಬಾಗಲ ಹಾಕಿದ ಖೋಲ್ಯಾಗ ಕೆಂಡದ ಹೊಗಿ ತಾಯಿಗೂ ಕೂಸಿಗೂ ಜೀವಕ್ಕ ಬರತದ.

ಕಾಲ ತಿಕ್ಕೂಕಿಂತ ಮೊದಲ ಆಯಿಗೆ ಎರಡೂ ಮೀನಖಂಡ ನೋಡಂತ ಹೇಳ್ರಿ. ಒಂದ ಕಾಲ ಅಷ್ಟ ಬಾತು, ಬಿಸಿಯಾಗಿ, ಮುಟ್ಟಿದ್ರ ನೋಯತಿದ್ರ ಎಣ್ಣಿ ಡಬ್ಬಿ ಮುಚ್ಚಿ ದವಾಖಾನಿಗೆ ಹೋಗೂದ. ಹಡದ 6 ವಾರದೊಳಗ ಕಾಲಿನ ರಕ್ತನಾಳದಾಗ ರಕ್ತ ಹೆಪ್ಪುಗಟ್ಟೂ ಅಪಾಯ ಹೆಚ್ಚ, ಅದನ್ನ ತಿಕ್ಕಿದ್ರ ಗಡ್ಡಿ ಕಿತ್ತು ಪುಪ್ಪಸಕ್ಕ ಹೋಗಬಹುದು.

ಪ್ರತಿಕ್ರಿಯೆ (ಹಾನಗಲ್ಲ ಕಡೆ, ಹಿರಿಯರು):
ನಾವು ನಾಕ ಹಡದೇವಿ, ನಾಕಕ್ಕೂ ಹೊಟ್ಟಿ ಒತ್ತಿಸ್ಕೊಂಡೇವಿ, ಕೊಡಾ ಹೊತ್ತೇವಿ, ಏನಾತು ನಮಗ? ಈಗಿನವರಿಗೆ ಎಲ್ಲಾದಕ್ಕೂ ಡಾಕ್ಟರ.

ಉತ್ತರ (ಫಿಸಿಯೋಥೆರಪಿಸ್ಟ್):
ಅವ್ವಾರ, ನಿಮ್ಮ ನಾಕೂ ಸಹಜ ಹೆರಿಗಿ ಇರಬೇಕು. ಹೊಟ್ಟಿ ಕೊಯ್ಯದಿದ್ದಾಕಿಗೆ ಹಗೂರ ಕೈಲೆ ಎಣ್ಣಿ ಸವರಿದ್ರ ನಂದೇನೂ ತಕರಾರಿಲ್ಲ. ನಿಮ್ಮ ಪದ್ಧತಿ ಹುಟ್ಟಿದ್ದು ಆ ಹೆರಿಗಿಗೆ, ಈ ಹುಡುಗಿ ಹೆರಿಗಿ ಬ್ಯಾರೆ. ಅಂಟಿನುಂಡಿ ಮಾತ್ರ ಇಬ್ಬರಿಗೂ ಒಂದ ನೋಡ್ರಿ, ಎರಡ ನಮಗೂ ಕಳಸ್ರಿ.

ಪ್ರತಿಕ್ರಿಯೆ (ಆಯುರ್ವೇದ ವೈದ್ಯರು, ಹುಬ್ಬಳ್ಳಿ):
ಮೇಡಂ ಹೇಳಿದ್ದಕ್ಕ ಒಂದು ಸೇರಿಸ್ತೀನಿ. ಹೊಟ್ಟೆಗೆ ಎಣ್ಣೆ-ತುಪ್ಪ ಹಚ್ಚಿ ದೊಡ್ಡ ಬಟ್ಟೆ ಸುತ್ತಬೇಕು ಅಂತ ಚರಕ ಸಂಹಿತೆಯೊಳಗೇ ಅದ, ಜಾಗ ಸಿಗದೆ ವಾಯು ಹೊಟ್ಟೆಯಲ್ಲಿ ವಿಕಾರ ಮಾಡಬಾರದು ಅಂತ ಕಾರಣಾನೂ ಕೊಟ್ಟಾರ. ಆಯಿ ಹೇಳೂ ಗಾಳಿ ಮಾತು ಅಲ್ಲಿಂದಲೇ ಬಂದದ್ದು, ಆಕಿ ಸುಮ್ನೆ ಹೇಳ್ತಿಲ್ಲ. ಆದರೆ ಅಲ್ಲಿ ಹೇಳಿದ್ದು ಸುತ್ತೋದು, ಜಗ್ಗೋದಲ್ಲ. ಸಿಜೇರಿಯನ್ ಆದವರಿಗೆ ನಾವೂ ಗಾಯ ಪೂರಾ ಮಾಗೋತನಕ ಹೊಟ್ಟೆ ಬಿಟ್ಟೇ ಅಭ್ಯಂಗ ಮಾಡಿಸ್ತೀವಿ, ಬಲಾ ತೈಲ ಇಲ್ಲಾ ಧಾನ್ವಂತರ ತೈಲ, ಉಗುರು ಬೆಚ್ಚಗೆ.

ಪ್ರಶ್ನೆ (ಹೆಸರು ಬ್ಯಾಡ ಅಂದವರು):
ನನಗ ಕೂಸಿಗೆ ಎಂಟ ತಿಂಗಳು. ಸೀನಿದ್ರ, ನಕ್ಕರ ಒಂದಕ್ಕ ಹನಿ ಹೋಗತೈತಿ. ಚಿಗರಿ ಬಸ್ಸಿನ್ಯಾಗ ಆಫೀಸಿಗೆ ಹೋಗೂ ಮುಂದ ದಿನಾ ಪ್ಯಾಡ್ ಹಾಕ್ಕೋತೇನಿ. ಹಡದ ಮ್ಯಾಲ ಎಲ್ಲಾರಿಗೂ ಹಿಂಗ ಅಂತ ನಮ್ಮ ವೈನಿ ಅಂದ್ರು, ಇದಕ್ಕೂ ಮಸಾಜ್ ಐತೇನ್ರಿ?

ಉತ್ತರ (ಫಿಸಿಯೋಥೆರಪಿಸ್ಟ್):
ಭಾಳ ಮಂದಿಗೆ ಆಗತದ, ಆದ್ರ ಸಹಿಸಿಕೋತ ಕೂಡಬೇಕಂತ ಏನಿಲ್ರಿ. ಇದಕ್ಕ ಎಣ್ಣಿ ಅಲ್ಲ, ವ್ಯಾಯಾಮ. ಗಾಳಿ ಬಿಡೂದನ್ನ ತಡಿಧಂಗ ಹಿಂದಿಂದ ಮುಂದಕ್ಕ ಒಳಗ ಎಳಕೋರಿ, 5 ಸೆಕೆಂಡ್ ಹಿಡೀರಿ, ಪೂರಾ ಬಿಡ್ರಿ. ಬಿಡೂದೂ ಹಿಡಿಯೂದರಷ್ಟ ಮುಖ್ಯ. 10 ಸಲ, ದಿನಕ್ಕ 3 ಹೊತ್ತು, ಬರಬರತಾ 10 ಸೆಕೆಂಡಿಗೆ ತರ್ರಿ. ಉಸರ ಹಿಡೀಬಾರದು, ಕುಂಡಿ ಬಿಗೀಬಾರದು. ಒಂದಕ್ಕ ಹೋಗೂ ಮುಂದ ನಡುವ ನಿಲ್ಲಿಸಿ ಪ್ರಾಕ್ಟೀಸ್ ಮಾಡಬ್ಯಾಡ್ರಿ. ಮೂರ ತಿಂಗಳ ನಿಯತ್ತಿನಿಂದ ಮಾಡಬೇಕು. ಸರಿಯಾದ ಸ್ನಾಯು ಹಿಡೀತೀರೋ ಇಲ್ಲೋ ತಿಳೀಲಿಲ್ಲಂದ್ರ ಒಮ್ಮೆ ತೋರಸ್ರಿ, ಭಾಳ ಮಂದಿ ಒಳಗ ಎಳಕೊಳ್ಳೂ ಬದ್ಲಿ ಕೆಳಗ ಮುಕ್ಕರೀತಾರ. ಹುಬ್ಬಳ್ಳಿ ಕಿಮ್ಸ್ (ಈಗ ಕೆಎಂಸಿಆರ್‌ಐ) ದವಾಖಾನ್ಯಾಗ ಫಿಸಿಯೋಥೆರಪಿ ವಿಭಾಗ ಅದ, ಸತ್ತೂರ ಎಸ್‌ಡಿಎಂದಾಗ ಫಿಸಿಯೋಥೆರಪಿ ಕಾಲೇಜ ಅದ, ಹೆಣ್ಮಕ್ಕಳ ನೋಡಬೇಕಂತ ಮೊದಲ ಕೇಳ್ರಿ.

ಪ್ರಶ್ನೆ (ರಾಣೆಬೆನ್ನೂರು):
ನನ್ನ ಹೆಂಡತಿಗೆ ಹೆಬ್ಬೆರಳ ಬುಡಕ್ಕ ನೋವು ಮೇಡಂ, ಕೂಸನ್ನ ಎತ್ತೂ ಮುಂದ ಜೀವ ಹೋಗ್ತದ ಅಂತಾಳ. ಥಂಡಿ ಹಿಡದೈತಿ ಅಂತ ಮನ್ಯಾಗ ಜಂಡು ಬಾಮ್ ತಿಕ್ಕಾಕತ್ತಾರ.

ಉತ್ತರ (ಫಿಸಿಯೋಥೆರಪಿಸ್ಟ್):
ಹೆಬ್ಬೆರಳು ಒಳಗ ಮಡಚಿ ಮುಟಿಗಿ ಹಿಡದು ಕೈನ್ನ ಕಿರಿಬೆರಳ ಕಡೆ ಬಗ್ಗಸಾಕ ಹೇಳ್ರಿ. ಚೀರಿದ್ರ ಅದು ಹೆಬ್ಬೆರಳಿನ ತಂತುಪೊರಿ ಬಾವು ಇರಬಹುದು, ಬಾಣಂತ್ಯಾರಿಗೆ ಭಾಳ ಬರತದ. ಕಂಕುಳಾಗ ಹೆಬ್ಬೆರಳು ಹಾಕಿ ಕೂಸು ಎತ್ತತಾರಲ್ಲ, ಅದಕ್ಕ. ಇನ್ನ ಮ್ಯಾಲ ಒಂದ ಅಂಗೈ ಕುಂಡಿ ಕೆಳಗ, ಒಂದು ತಲಿ-ಬೆನ್ನಿನ ಕೆಳಗ ಹಾಕಿ ಬಾಚಿ ಎತ್ತಲಿ. ಹೆಬ್ಬೆರಳು ಅಲುಗಲಾರದಂಗ ಹಿಡಿಯೂ ಪಟ್ಟಿ ಮೆಡಿಕಲ್ ಶಾಪಿನ್ಯಾಗ ಸಿಗತದ. ಕೂಸು ಮುಟ್ಟೂ ಕೈಗೆ ಬಾಮ್ ಬ್ಯಾಡ. ಮತ್ತ ರಾತ್ರಿ ಒಂದೆರಡ ಸಲ ಕೂಸನ್ನ ನೀವೂ ಎತ್ರಿ ಸರ್.

ಮತ್ತೆ (ಬೆಟಗೇರಿಯಿಂದ ಕೇಳಿದವರು):
ಮೇಡಂ, ಹೊಲಿಗಿ ನೋಡಿದ್ವಿ, ಕೆಂಪ ಏನೂ ಇಲ್ಲ, ಜ್ವರಾನೂ ಇಲ್ಲ. ನಿಮ್ಮ ಉತ್ತರ ಆಯಿಗೆ ಓದಿ ಹೇಳಿದೆ. ಮೊದಲ ಮಾರಿ ಸಿಂಡರಿಸಿದ್ಲು, ಆಮ್ಯಾಲ ಹೊಟ್ಟಿ ಬಿಟ್ಟು ಅಂಗಾಲ ಹಿಡದ್ಲು. ಆದ್ರ ಹೊಲಿಗಿ ಮ್ಯಾಲ ಗಂಟ ಗಂಟ ಐತ್ರಿ, ಅದನ್ನ ಯಾವಾಗ ತಿಕ್ಕಬಹುದು ಅಂತ ಆಕೀನ ಕೇಳಾಕತ್ತಾಳ.

ಉತ್ತರ (ಫಿಸಿಯೋಥೆರಪಿಸ್ಟ್):
6 ವಾರದ ಚೆಕಪ್ ಆಗಿ ಡಾಕ್ಟರ್ ಹೂಂ ಅಂದ ಮ್ಯಾಲ, ಹೆಕ್ಕಳಿ ಒಂದೂ ಇರಬಾರದು. ಅದನ್ನ ಆಯಿ ಅಲ್ಲ, ನೀವ ಮಾಡ್ರಿ, ಎಷ್ಟ ನೋಯತದ ಅಂತ ನಿಮಗ ಗೊತ್ತಿರತದಲ್ಲ. ಎರಡ ಬೆರಳು, ಒಂದ ಹನಿ ಕೊಬ್ರಿ ಎಣ್ಣಿ, ಮೊದಲ ಒಂದ ವಾರ ಗೆರಿ ಮ್ಯಾಲ ಬ್ಯಾಡ, ಅದರ ಸುತ್ತ. ಆಮ್ಯಾಲ ಗೆರಿ ಮ್ಯಾಲ ಬೆರಳ ಊರಿ ಮ್ಯಾಲ-ಕೆಳಗ, ಅಕ್ಕಪಕ್ಕ, ಸಣ್ಣಂಗ ಸುತ್ತ. ಬೆರಳು ಚರ್ಮದ ಮ್ಯಾಲ ಜಾರಬಾರದು, ಬೆರಳಿನ ಜೋಡಿ ಚರ್ಮಾನೂ ಸರೀಬೇಕು, 5 ನಿಮಿಷ ಸಾಕು. ಆಯಿಗೆ ನನ್ನ ನಮಸ್ಕಾರ ಹೇಳ್ರಿ.