ಸೊಸೈಟಿ ಎಫ್‌ಡಿ ದುಡ್ಡು: ಠೇವಣಿ ಇಟ್ಟವರೆಲ್ಲ ಇಲ್ಲೇ ಬರೆಯಿರಿ

ಮನೆ 214, 6ನೇ ಕ್ರಾಸ್ (ನಿವೃತ್ತ ಸಹಕಾರ ಆಡಿಟರ್):
ಬಡಾವಣೆಯವರಿಗೆಲ್ಲ ನಮಸ್ಕಾರ. ಮೇನ್ ರೋಡಿನ ಸೊಸೈಟಿ ಬಗ್ಗೆ ಒಬ್ಬೊಬ್ಬರಿಗೆ ಒಂದೊಂದು ಉತ್ತರ ಸಿಗ್ತಾ ಇದೆ. ಒಬ್ಬರಿಗೆ "ಯುಗಾದಿ ಕಳೀಲಿ", ಇನ್ನೊಬ್ಬರಿಗೆ "ಸಾಲ ವಸೂಲಾಗ್ತಿದ್ದ ಹಾಗೇ ಕೊಡ್ತೀವಿ", ಮತ್ತೊಬ್ಬರಿಗೆ "ಅಧ್ಯಕ್ಷರು ಊರಲ್ಲಿಲ್ಲ". ಎಲ್ಲರೂ ಒಂದು ಕಡೆ ಕೂತು ಮಾತಾಡೋಣ ಅಂತ ಇದನ್ನು ಶುರು ಮಾಡಿದ್ದೇನೆ. ಅವಧಿ ಮುಗಿದೂ ಹಣ ಬಾರದವರು ಠೇವಣಿ ಇಟ್ಟ ತಾರೀಖು, ಅವಧಿ ಮುಗಿದ ತಾರೀಖು ಬರೆಯಿರಿ. ಮೊತ್ತ 5 ಲಕ್ಷದ ಒಳಗೋ ಮೇಲೋ ಅಂತ ಹೇಳಿದರೆ ಸಾಕು. ಬಾಂಡಿನ ಫೋಟೋ ಇಲ್ಲಿ ಹಾಕಬೇಡಿ.

ಇನ್ನೊಂದು ವಿಚಾರ, ಇದು ತುರ್ತು. ಒರಿಜಿನಲ್ ಬಾಂಡ್ ಯಾರ ಕೈಗೂ ಕೊಡಬೇಡಿ. ಶೇ. 10ರ ಹಳೇ ಬಾಂಡ್ ವಾಪಸ್ ತಗೊಂಡು ಶೇ. 6ಕ್ಕೆ ಇನ್ನೊಂದು ವರ್ಷದ ಹೊಸ ಬಾಂಡ್ ಕೊಡ್ತಿದ್ದಾರೆ. ಅದಕ್ಕೆ ಸಹಿ ಹಾಕಿದರೆ ಆ ವರ್ಷ ಮುಗಿಯೋ ತನಕ ನಿಮ್ಮ ಹಣ ಬಾಕಿಯೇ ಇಲ್ಲ ಅಂತ ನೀವೇ ಒಪ್ಪಿದ ಹಾಗೆ.

ಮನೆ 118, 4ನೇ ಕ್ರಾಸ್:
ಸಾರ್, ನಮ್ಮ ಯಜಮಾನರ ಹೆಸರಲ್ಲಿತ್ತು. ಅವರು ತೀರಿಕೊಂಡ ಮೇಲೆ ಅವಧಿ ಮುಗೀತು. ನಾಮಿನಿ ನಾನೇ. ಡೆತ್ ಸರ್ಟಿಫಿಕೇಟ್ ಕೊಟ್ಟೆ, ಆಮೇಲೆ ವಂಶವೃಕ್ಷ ತನ್ನಿ ಅಂದ್ರು, ಅದನ್ನೂ ಕೊಟ್ಟೆ. ಈಗ ಕೋರ್ಟಿಂದ ಸಕ್ಸೆಷನ್ ಸರ್ಟಿಫಿಕೇಟ್ ತನ್ನಿ ಅಂತಾರೆ. ಹೇಗೂ 5 ಲಕ್ಷದ ತನಕ ಸರ್ಕಾರದ ಇನ್ಶೂರೆನ್ಸ್ ಇದೆಯಂತಲ್ಲ, ಅದರಿಂದ ಬರಲ್ವಾ?

ಮನೆ 214, 6ನೇ ಕ್ರಾಸ್:
ಬರಲ್ಲಮ್ಮ. ರಿಸರ್ವ್ ಬ್ಯಾಂಕಿನ ಠೇವಣಿ ವಿಮಾ ಸಂಸ್ಥೆ ಡಿಐಸಿಜಿಸಿಯ 5 ಲಕ್ಷದ ವಿಮೆ ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ. ನಮ್ಮದು ಪತ್ತಿನ ಸಹಕಾರ ಸಂಘ. ರಿಸರ್ವ್ ಬ್ಯಾಂಕಿನ ಲೈಸೆನ್ಸ್ ಇಲ್ಲ, ವಿಮೆಯೂ ಇಲ್ಲ. ಎಲ್ಲರೂ ಬಾಯಿಮಾತಲ್ಲಿ ಬ್ಯಾಂಕು ಬ್ಯಾಂಕು ಅಂತ ಕರೆದು ಈ ಗೊಂದಲ ಆಗಿದೆ. ಬೆಂಗಳೂರಿನ ಗುರು ರಾಘವೇಂದ್ರ ಸಹಕಾರ ಬ್ಯಾಂಕಿನ ಮೇಲೆ 2020ರ ಜನವರಿಯಲ್ಲಿ ರಿಸರ್ವ್ ಬ್ಯಾಂಕ್ ನಿರ್ಬಂಧ ಹಾಕಿ, 35,000 ರೂಪಾಯಿಗಿಂತ ಹೆಚ್ಚು ತೆಗೆಯೋ ಹಾಗಿಲ್ಲ ಅಂದಿತ್ತಲ್ಲ, ಅದು ಬ್ಯಾಂಕ್. ಹಾಗಾಗಿ ಅಲ್ಲಿಯ ಠೇವಣಿದಾರರಿಗೆ ವಿಮೆಯ ದಾರಿ ಇತ್ತು. ಹೆಸರಿನಲ್ಲಿ "ಬ್ಯಾಂಕ್" ಅಂತ ಹಾಕಿಕೊಂಡ ಸೊಸೈಟಿಗಳ ಬಗ್ಗೆ ರಿಸರ್ವ್ ಬ್ಯಾಂಕ್ 2021ರ ನವೆಂಬರ್‌ನಲ್ಲೇ ಎಚ್ಚರಿಸಿತ್ತು. ಅಂಥ ಪ್ರಕಟಣೆಗಳನ್ನು ಓದೋರು ಯಾರು ಹೇಳಿ.

ನಿಮ್ಮ ವಿಚಾರ: ಗ್ರಾಹಕ ಸತ್ತರೆ ವಾರಸುದಾರರು ದೂರು ಕೊಡಬಹುದು ಅಂತ ಗ್ರಾಹಕ ಕಾಯ್ದೆಯಲ್ಲೇ ಇದೆ. ಅವರು ಕೇಳಿದ ಕಾಗದ ಯಾವುದು ಅಂತ ಬರವಣಿಗೆಯಲ್ಲಿ ಕೊಡಿ ಅನ್ನಿ. ಬರೆದು ಕೊಡಲ್ಲ, ನೋಡ್ತಾ ಇರಿ.

ಅಂಗಡಿ, ಮೇನ್ ರೋಡ್:
ನಂದು ಪಿಗ್ಮಿ ಸಾರ್. ದಿನಾ ಸಂಜೆ ಏಜೆಂಟು ಬಂದು ಈಸ್ಕೊಂಡು ಹೋಗೋನು. ಅವನು ಈಗ ಫೋನೇ ಎತ್ತಲ್ಲ. ಪಾಸ್‌ಬುಕ್ಕಲ್ಲಿ ಅವನ ಸಹಿ ಬಿಟ್ರೆ ಏನಿಲ್ಲ.

ಮನೆ 214, 6ನೇ ಕ್ರಾಸ್:
ಏಜೆಂಟ್ ಸೊಸೈಟಿಯ ಪರವಾಗಿ ವಸೂಲಿ ಮಾಡಿದವನು. ನಿಮ್ಮ ಪಿಗ್ಮಿ ಲೆಡ್ಜರಿನ ನಕಲು ಕೊಡಿ ಅಂತ ಅರ್ಜಿ ಕೊಟ್ಟು ಸೀಲು ಹಾಕಿಸಿಕೊಳ್ಳಿ. ಪಾಸ್‌ಬುಕ್ ಮತ್ತು ಲೆಡ್ಜರ್ ಮೊತ್ತ ತಾಳೆ ಆಗದಿದ್ದರೆ ಅದು ಬೇರೆಯೇ ಕಥೆ, ಪೊಲೀಸ್ ದೂರಿನ ಕಥೆ.

ಮನೆ 31, 1ನೇ ಕ್ರಾಸ್:
ಎಸ್‌ಬಿಐ ಶೇ. 6-7 ಕೊಡೋ ಕಾಲದಲ್ಲಿ ಶೇ. 10ರ ಆಸೆಗೆ ಬಿದ್ದವರು ಅನುಭವಿಸಲೇಬೇಕು. ಈ ಗುಂಪು ನೀರು, ಕಸದ ವಿಷಯಕ್ಕೆ ಇರೋದು.

ಮನೆ 77, 5ನೇ ಕ್ರಾಸ್ (ಅಪ್ಪನ ಪರವಾಗಿ, ಬೆಂಗಳೂರಿನಿಂದ):
ಅಂಕಲ್, ನಮ್ಮಪ್ಪ ಆಸೆಗೆ ಇಟ್ಟಿದ್ದಲ್ಲ. ರಿಟೈರ್ ಆದಾಗ ಬಂದ ದುಡ್ಡು ತಗೊಂಡು ಮೊದಲು ದೊಡ್ಡ ಬ್ಯಾಂಕಿಗೇ ಹೋಗಿದ್ರು. ಅಲ್ಲಿ ಕೌಂಟರಿನವರ ಹಿಂದಿ ಅಪ್ಪಂಗೆ ಅರ್ಥ ಆಗಲಿಲ್ಲ, ಆ್ಯಪ್ ಹಾಕ್ಕೊಳ್ಳಿ ಅಂದ್ರಂತೆ. ಸೊಸೈಟಿಯಲ್ಲಿ ಕೂರಿಸಿ ಕಾಫಿ ಕೊಟ್ಟು, "ಮೇಷ್ಟ್ರೇ, ನಿಮ್ಮ ಹಣಕ್ಕೆ ನಾವಿದ್ದೀವಿ" ಅಂದ್ರು. ಹೇಳಿದವರು ಅಪ್ಪನ ಹಳೇ ವಿದ್ಯಾರ್ಥಿ, ಈಗ ನಿರ್ದೇಶಕರು. ಇದು ಬಡಾವಣೆಯ ವಿಷಯ ಅಲ್ಲದಿದ್ದರೆ ಇನ್ಯಾವುದು?

ಮನೆ 52, 3ನೇ ಕ್ರಾಸ್:
ನನ್ನದೂ ಸಿಕ್ಕಿಕೊಂಡಿದೆ, ಆದರೂ ಒಂದು ಮಾತು. ಎಲ್ಲರೂ ಕೇಸು ಹಾಕಿದರೆ ಸೊಸೈಟಿ ಮುಳುಗುತ್ತೆ. ಈಗ ತಿಂಗಳಿಗೆ ಐದು, ಹತ್ತು ಸಾವಿರ ಅಂತಾದರೂ ಕೊಡ್ತಿದ್ದಾರೆ. ಲಿಕ್ವಿಡೇಟರ್ ಬಂದು ಕೂತರೆ ಅದೂ ನಿಲ್ಲುತ್ತೆ. ಸ್ವಲ್ಪ ತಾಳ್ಮೆ ಇರಲಿ.

ಮನೆ 214, 6ನೇ ಕ್ರಾಸ್:
ನಿಮ್ಮ ಭಯ ಸುಳ್ಳಲ್ಲ ಸಾರ್. ಸಮಾಪನೆಗೆ, ಅಂದರೆ ಲಿಕ್ವಿಡೇಟರ್ ಬಂದು ಮುಚ್ಚೋ ಹಂತಕ್ಕೆ ಹೋದ ಸಂಘದ ಮೇಲೆ ರಿಜಿಸ್ಟ್ರಾರ್ ಅನುಮತಿ ಇಲ್ಲದೆ ದಾವೆ ನಡೆಸೋದು ಕಷ್ಟ, ನಿಜ. ಅದಕ್ಕೇ ಅಲ್ಲಿಗೆ ಹೋಗೋಕೆ ಮುಂಚೆ ಆದೇಶ ಕೈಲಿರಲಿ ಅಂತ ನಾನು ಹೇಳೋದು. ತಾಳ್ಮೆ ಅಂದಿರಿ. ನಾನು ಆಡಿಟ್‌ಗೆ ಹೋದ ಸಂಘಗಳಲ್ಲಿ ಕಂಡದ್ದು ಹೇಳ್ತೀನಿ: ಹಣ ಕಡಿಮೆಯಾದಾಗ ಎಲ್ಲರಿಗೂ ಸಮನಾಗಿ ನಿಲ್ಲಲ್ಲ. ಪರಿಚಯದವರಿಗೆ, ಗದರಿಸುವವರಿಗೆ, ವಕೀಲರ ನೋಟಿಸು ಕೊಟ್ಟವರಿಗೆ ಹಿಂಬಾಗಿಲಿಂದ ಹೋಗ್ತಾ ಇರುತ್ತೆ. ಕಾದು ಕೂತವರು ಕೊನೇವರೆಗೂ ಕಾಯ್ತಾರೆ.

ಹಣ ಸೋರೋ ಇನ್ನೊಂದು ದಾರಿ ಇದೆ, ಅದು ಹೆಚ್ಚು ಜನಕ್ಕೆ ಗೊತ್ತಿಲ್ಲ. ಹೊಂದಾಣಿಕೆ. ಒಬ್ಬ ದೊಡ್ಡ ಸುಸ್ತಿದಾರ 40 ಲಕ್ಷ ಕಟ್ಟಬೇಕು ಅಂತಿಟ್ಟುಕೊಳ್ಳಿ. ಅವನು ನಾಲ್ಕು ಜನ ಠೇವಣಿದಾರರ ಬಾಂಡುಗಳನ್ನು ಅರ್ಧ ರೇಟಿಗೆ ಕೊಂಡು, ಅದನ್ನೇ ತನ್ನ ಸಾಲಕ್ಕೆ ಜಮಾ ಮಾಡಿಸುತ್ತಾನೆ. ಪುಸ್ತಕದಲ್ಲಿ ಸಾಲ ವಸೂಲಾಯ್ತು, ಠೇವಣಿಯೂ ತೀರಿತು. ಪೆಟ್ಟಿಗೆಗೆ ಒಂದು ರೂಪಾಯಿ ಬಂದಿಲ್ಲ. ಉಳಿದವರಿಗೆ ಕೊಡಬೇಕಾದ ಹಣ ಹೀಗೆ ಕರಗುತ್ತೆ. ನಿಮ್ಮಲ್ಲಿ ಯಾರಿಗಾದರೂ "ಬಾಂಡ್ ಕೊಡಿ, ಅರ್ಧ ಕ್ಯಾಶ್ ಕೊಡ್ತೀನಿ" ಅಂತ ಫೋನ್ ಬಂದಿದ್ದರೆ ಹೇಳಿ.

ಮನೆ 9, 2ನೇ ಕ್ರಾಸ್:
ಬಂದಿತ್ತು. ಅರ್ಧವೂ ಅಲ್ಲ, ನೂರಕ್ಕೆ ನಲವತ್ತು ಅಂದ.

ಮನೆ 77, 5ನೇ ಕ್ರಾಸ್:
ಸಾರ್, ಗ್ರಾಹಕ ಆಯೋಗಕ್ಕೆ ಹೋಗಬಹುದಾ? ಇಲ್ಲೊಬ್ಬ ವಕೀಲರು, ನಿಮ್ಮ ತಂದೆ ಸದಸ್ಯರು, ಗ್ರಾಹಕರಲ್ಲ, ಸಹಕಾರ ಕಾಯ್ದೆ 70ನೇ ಕಲಂ ಪ್ರಕಾರ ರಿಜಿಸ್ಟ್ರಾರ್ ಹತ್ತಿರವೇ ಹೋಗಬೇಕು ಅಂದ್ರು.

ಮನೆ 214, 6ನೇ ಕ್ರಾಸ್:
ಸೊಸೈಟಿ ವಕೀಲರೂ ಆಯೋಗದಲ್ಲಿ ಹಾಕೋ ಮೊದಲ ತಕರಾರು ಇದೇ. ಇದಕ್ಕೆ ಸುಪ್ರೀಂ ಕೋರ್ಟ್ 2003ರ ಡಿಸೆಂಬರ್‌ನಲ್ಲೇ ಉತ್ತರ ಕೊಟ್ಟಿದೆ. ತಮಿಳುನಾಡಿನ ತಿರುಮುರುಗನ್ ಸಹಕಾರ ಕೃಷಿ ಪತ್ತಿನ ಸಂಘದ ಕೇಸು. ಅಲ್ಲಿ ಸದಸ್ಯರು ಭತ್ತದ ಮೂಟೆ ಅಡ ಇಟ್ಟು ಸಾಲ ತಗೊಂಡಿದ್ದರು. ಸಂಘದವರು, ಸಹಕಾರ ಕಾಯ್ದೆಯಲ್ಲಿ ವಿವಾದಕ್ಕೆ ಬೇರೆ ದಾರಿ ಇದೆ, ಗ್ರಾಹಕ ವೇದಿಕೆಗೆ ಅಧಿಕಾರ ಇಲ್ಲ ಅಂದರು. ಗ್ರಾಹಕ ಕಾಯ್ದೆಯ ಪರಿಹಾರ ಬೇರೆ ಕಾನೂನುಗಳ ಜೊತೆಗೆ ಹೆಚ್ಚುವರಿ, ಅದನ್ನು ತಡೆಯೋಕಾಗಲ್ಲ ಅಂತ ಕೋರ್ಟ್ ಹೇಳಿತು. ಈಗಿನ 2019ರ ಕಾಯ್ದೆಯಲ್ಲಿ ಅದೇ ಮಾತು 100ನೇ ಕಲಂನಲ್ಲಿದೆ. ಠೇವಣಿ ವಾಪಸ್ ಕೊಡದಿರುವುದನ್ನು ಸೇವಾ ನ್ಯೂನತೆ ಅಂತ ಪರಿಗಣಿಸಿ, ಬಡ್ಡಿ ಸಮೇತ ಕೊಡಿ ಅಂತ ಆಯೋಗಗಳು ಆದೇಶ ಮಾಡ್ತಾ ಬಂದಿವೆ.

ಒಂದೇ ಹಣಕ್ಕೆ ಎರಡೂ ಕಡೆ ಕೇಸು ಹಾಕೋ ಹಾಗಿಲ್ಲ. ನನ್ನ ಮತ ಗ್ರಾಹಕ ಆಯೋಗ. 5 ಲಕ್ಷದ ತನಕ ಶುಲ್ಕವೇ ಇಲ್ಲ, 10 ಲಕ್ಷದ ತನಕ 200 ರೂ., 20ರ ತನಕ 400, 50ರ ತನಕ 1,000. ವಕೀಲರು ಕಡ್ಡಾಯ ಅಲ್ಲ. ಗ್ರಾಹಕ ಆಯೋಗಗಳ ಆನ್‌ಲೈನ್ ಪೋರ್ಟಲ್ ಇ-ಜಾಗೃತಿಯಲ್ಲಿ ಮನೆಯಿಂದಲೇ ದಾಖಲಿಸಬಹುದು. ದೂರುದಾರ ವಾಸ ಇರೋ ಜಿಲ್ಲೆಯಲ್ಲೇ ಹಾಕಬಹುದು, ಅಂದರೆ ಮೈಸೂರಲ್ಲೇ.

ಮನೆ 77, 5ನೇ ಕ್ರಾಸ್:
ಎಲ್ಲರೂ ಸೇರಿ ಒಂದೇ ಕೇಸು ಹಾಕಿದರೆ ಖರ್ಚು ಕಡಿಮೆ ಅಲ್ವಾ? ಬಲವೂ ಜಾಸ್ತಿ.

ಮನೆ 214, 6ನೇ ಕ್ರಾಸ್:
ಕೇಳೋಕೆ ಚೆನ್ನಾಗಿದೆ, ನಾನು ಬೇಡ ಅಂತೀನಿ. ಜಿಲ್ಲಾ ಆಯೋಗದ ಮಿತಿ 50 ಲಕ್ಷ. ನಮ್ಮೆಲ್ಲರ ಠೇವಣಿ ಕೂಡಿಸಿದರೆ ಅದನ್ನು ದಾಟುತ್ತೆ, ಕೇಸು ಬೆಂಗಳೂರಿನ ರಾಜ್ಯ ಆಯೋಗಕ್ಕೆ ಹೋಗುತ್ತೆ. 118ರ ಅಮ್ಮನವರು ಪ್ರತಿ ವಾಯಿದೆಗೂ ಬೆಂಗಳೂರಿಗೆ ಹೋಗೋಕಾಗುತ್ತಾ? ಮೇಲಾಗಿ ಜಂಟಿ ದೂರಿಗೆ ಆಯೋಗದ ಅನುಮತಿ ಬೇಕು, ಎಲ್ಲರ ಹಿತ ಒಂದೇ ಅಂತ ತೋರಿಸಬೇಕು. ಒಬ್ಬರದು ಪಿಗ್ಮಿ, ಒಬ್ಬರದು ನಾಮಿನಿ ಕೇಸು, ಒಬ್ಬರು ಆಗಲೇ ರಿನ್ಯೂ ಮಾಡಿಸಿದ್ದಾರೆ. ಆ ವಾದದಲ್ಲೇ ವರ್ಷ ಕಳೆಯುತ್ತೆ. ಕರಡು ಒಂದೇ ಇರಲಿ, ದೂರು ಬೇರೆ ಬೇರೆ ಇರಲಿ, ಒಂದೇ ವಾರದಲ್ಲಿ ಹಾಕೋಣ.

ಅವಧಿ ಮುಗಿದು ಎರಡು ವರ್ಷ ಆಗೋದರೊಳಗೆ ಹಾಕಬೇಕು. ಹಣ ಕೊಡುವ ತನಕ ವ್ಯಾಜ್ಯ ಕಾರಣ ಮುಂದುವರಿಯುತ್ತೆ ಅಂತ ಒಪ್ಪಿದ ಆದೇಶಗಳಿವೆ, ಆದರೆ ಅದನ್ನು ನೆಚ್ಚಿಕೊಂಡು ಸುಮ್ಮನೆ ಕೂರಬೇಡಿ.

ಮನೆ 140, 7ನೇ ಕ್ರಾಸ್:
ನಮಗೆ ಮುಂದಿನ ತಾರೀಖಿನ ಚೆಕ್ ಕೊಟ್ಟಿದ್ದಾರೆ. "ನಾವು ಹೇಳಿದಾಗ ಹಾಕಿ" ಅಂದಿದ್ದಾರೆ. ಇನ್ನೂ ಹಾಕಿಲ್ಲ.

ಮನೆ 214, 6ನೇ ಕ್ರಾಸ್:
ತಾರೀಖು ನೋಡಿ ಮೇಡಂ. ಚೆಕ್ಕಿನ ಆಯಸ್ಸು ಅದರ ಮೇಲಿನ ತಾರೀಖಿನಿಂದ ಮೂರು ತಿಂಗಳು. ಅವರು "ಹೇಳೋದು" ನಾಲ್ಕನೇ ತಿಂಗಳಲ್ಲಿ. ಆ ತಾರೀಖು ಬಂದಿದ್ದರೆ ಇವತ್ತೇ ಬ್ಯಾಂಕಿಗೆ ಹಾಕಿ. ಬೌನ್ಸ್ ಆದರೆ ಮೆಮೊ ಬಂದ 30 ದಿನದೊಳಗೆ ನೋಟಿಸು, ಅದು ತಲುಪಿದ ಮೇಲೆ 15 ದಿನದಲ್ಲಿ ಕೊಡದಿದ್ದರೆ ಮುಂದಿನ ಒಂದು ತಿಂಗಳೊಳಗೆ ಮ್ಯಾಜಿಸ್ಟ್ರೇಟ್ ಕೋರ್ಟು. ಸಹಿ ಹಾಕಿದವರಿಗೆ ನಿದ್ದೆ ಕೆಡಿಸೋ ಕಾಗದ ಅದು. ಎಲ್ಲರಿಗಿಂತ ನಿಮ್ಮ ಕೈ ಮೇಲಿದೆ.

ಮನೆ 60, 3ನೇ ಕ್ರಾಸ್:
ನಮ್ಮ ಭಾವ ಅದೇ ಸೊಸೈಟಿ ನಿರ್ದೇಶಕರು ಅಂತ ಎಲ್ಲರಿಗೂ ಗೊತ್ತು. ಮೊನ್ನೆ ರಾತ್ರಿ ಯಾರೋ ಮನೆ ಮುಂದೆ ನಿಂತು ಕೂಗಾಡಿದರು, ಮಕ್ಕಳು ಹೆದರಿಕೊಂಡರು. ಅವರದೂ ಅಲ್ಲಿ ಠೇವಣಿ ಇದೆ. ಸಾಲ ಕೊಡೋ ತೀರ್ಮಾನ ಅಧ್ಯಕ್ಷರು, ಕಾರ್ಯದರ್ಶಿ ಇಬ್ಬರೇ ಮಾಡ್ತಿದ್ದರು.

ಮನೆ 9, 2ನೇ ಕ್ರಾಸ್:
ಠರಾವಿಗೆ ಸಹಿ ಹಾಕಿದ್ದು ಯಾರು ಮತ್ತೆ? ಸಿಟ್ಟಿಂಗ್ ಫೀಸು ತಗೋವಾಗ ಇಬ್ಬರೇ ಇರಲಿಲ್ಲ.

ಮನೆ 214, 6ನೇ ಕ್ರಾಸ್:
ಮನೆ ಮುಂದೆ ಗಲಾಟೆ ಬೇಡ. ಹೆಂಡತಿ ಮಕ್ಕಳು ಏನು ಮಾಡಿದ್ದಾರೆ? ಅದರಿಂದ ನಮಗೇ ಪೊಲೀಸ್ ಕಂಪ್ಲೇಂಟ್ ಬೀಳುತ್ತೆ. ಆದರೆ 9ರವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ನಿರ್ದೇಶಕರ ಸ್ವಂತ ಆಸ್ತಿ ತಾನಾಗೇ ಹೊಣೆಗೆ ಬರಲ್ಲ. ಸಹಕಾರ ಸಂಘಗಳ ಕಾಯ್ದೆ 64ನೇ ಕಲಂನ ವಿಚಾರಣೆ ನಡೆದು, ಇಂಥವರಿಂದ ಇಷ್ಟು ನಷ್ಟ ಅಂತ ತೀರ್ಮಾನ ಆಗಿ, 69ನೇ ಕಲಂನಲ್ಲಿ ಸರ್ಚಾರ್ಜ್ ಹಾಕಬೇಕು, ಅಂದರೆ ಆ ನಷ್ಟವನ್ನು ಅವರಿಂದಲೇ ವಸೂಲಿ ಮಾಡಬೇಕು. ಅದಕ್ಕೆ ಎಆರ್‌ಸಿಎಸ್ (ಸಹಕಾರ ಸಂಘಗಳ ಸಹಾಯಕ ರಿಜಿಸ್ಟ್ರಾರ್) ಆಫೀಸಿಗೆ ಇನ್ನೊಂದು ಅರ್ಜಿ ಬೇಕು. ಇದು ಮಾತ್ರ ಎಲ್ಲರೂ ಸೇರಿ ಕೊಡೋದು, ಸಹಿ ಎಷ್ಟಿದ್ದರೂ ಒಳ್ಳೇದೇ. 60ರವರೇ, ನಿಮ್ಮ ಭಾವನವರಿಗೆ ಹೇಳಿ: ಸಭೆಯಲ್ಲಿ ಆಕ್ಷೇಪ ಎತ್ತಿದ್ದರೆ ನಡಾವಳಿ ಪುಸ್ತಕದಲ್ಲಿ ಇರುತ್ತೆ, ಅದರ ನಕಲು ತೆಗೆದಿಟ್ಟುಕೊಳ್ಳಲಿ. ನಮಗೂ ಕೊಟ್ಟರೆ ಇನ್ನೂ ಒಳ್ಳೇದು.

ಮನೆ 52, 3ನೇ ಕ್ರಾಸ್:
ಆದೇಶ ಬಂತು ಅಂತಿಟ್ಟುಕೊಳ್ಳಿ. ಪೆಟ್ಟಿಗೆಯಲ್ಲಿ ಹಣವೇ ಇಲ್ಲದಿದ್ದರೆ ಆ ಕಾಗದಕ್ಕೆ ಕಟ್ಟು ಹಾಕಿಸಿ ಗೋಡೆಗೆ ತಗಲಿ ಹಾಕೋದಾ?

ಮನೆ 214, 6ನೇ ಕ್ರಾಸ್:
ನಿಜವಾದ ಕಷ್ಟ ಶುರುವಾಗೋದೇ ಅಲ್ಲಿ ಸಾರ್. ಆದೇಶದಲ್ಲಿ ಹೇಳಿದ ಗಡುವಿನಲ್ಲಿ ಕೊಡದಿದ್ದರೆ ಅಮಲ್ಜಾರಿ ಅರ್ಜಿ ಹಾಕಬೇಕು. ಗ್ರಾಹಕ ಕಾಯ್ದೆಯ 71ನೇ ಕಲಂನಲ್ಲಿ ಸಿವಿಲ್ ಕೋರ್ಟಿನ ಡಿಕ್ರಿ ಹಾಗೆ ಸೊಸೈಟಿ ಆಸ್ತಿ ಜಪ್ತಿ ಕೇಳಬಹುದು. 72ರಲ್ಲಿ ಆದೇಶ ಪಾಲಿಸದವರಿಗೆ ಒಂದು ತಿಂಗಳಿಂದ ಮೂರು ವರ್ಷದ ತನಕ ಜೈಲು, ಅಥವಾ 25,000ದಿಂದ ಒಂದು ಲಕ್ಷದ ತನಕ ದಂಡ, ಅಥವಾ ಎರಡೂ. ವಾರಂಟ್ ಬಂದಾಗ ಎಲ್ಲಿಂದಲೋ ದುಡ್ಡು ಹುಟ್ಟುತ್ತೆ, ನೋಡಿದ್ದೇನೆ. ಅಪೀಲಿಗೆ ಹೋದರೂ ಆದೇಶದ ಮೊತ್ತದ ಅರ್ಧ ಠೇವಣಿ ಇಡಬೇಕು.

ಸೊಸೈಟಿಗೆ ಸ್ವಂತ ಕಟ್ಟಡ ಇದೆ. ಅಡಮಾನ ಸಾಲಗಳೂ ಇವೆ. ಪೂರ್ತಿ ಬರುತ್ತೆ ಅಂತ ನಾನು ಭಾಷೆ ಕೊಡಲ್ಲ. ಸಾಲಿನಲ್ಲಿ ಮುಂದೆ ನಿಲ್ಲೋದು ಮಾತ್ರ ನಮ್ಮ ಕೈಲಿದೆ.

ಮನೆ 31, 1ನೇ ಕ್ರಾಸ್:
ಬೆಳಿಗ್ಗೆ ಹಾಗೆ ಬರೆದೆ. ನಮ್ಮ ಅತ್ತೆಯವರದೂ ಇನ್ನೊಂದು ಕಡೆ ಇದೆಯಂತೆ, "ಸೌಹಾರ್ದ ಸಹಕಾರಿ" ಅಂತ ಬರೆದಿದೆ. ಅದಕ್ಕೂ ಇದೇನಾ?

ಮನೆ 214, 6ನೇ ಕ್ರಾಸ್:
ಗ್ರಾಹಕ ಆಯೋಗಕ್ಕೆ ಹೋಗೋದು ಹಾಗೇ. ನೋಂದಣಿ ಮಾತ್ರ 1959ರ ಸಹಕಾರ ಸಂಘಗಳ ಕಾಯ್ದೆಯಲ್ಲಿ ಅಲ್ಲ, 1997ರ ಸೌಹಾರ್ದ ಕಾಯ್ದೆಯಲ್ಲಿ. ನಾನು ಮೇಲೆ ಹೇಳಿದ 64, 69 ಅದಕ್ಕೆ ಹೊಂದಲ್ಲ. "ಮಲ್ಟಿ ಸ್ಟೇಟ್" ಅಂತಿದ್ದರೆ ಅದರ ರಿಜಿಸ್ಟ್ರಾರ್ ದೆಹಲಿಯಲ್ಲಿ, 2023ರ ತಿದ್ದುಪಡಿಯ ಮೇಲೆ ಒಂಬುಡ್ಸ್‌ಮನ್‌ಗೂ ದೂರು ಕೊಡಬಹುದು. ಬಾಂಡಿನ ತಲೆಬರಹದಲ್ಲಿ ನೋಂದಣಿ ಸಂಖ್ಯೆ ಇರುತ್ತೆ, ನನಗೊಬ್ಬನಿಗೇ ಕಳಿಸಿ, ನೋಡ್ತೀನಿ.

ಮನೆ 77, 5ನೇ ಕ್ರಾಸ್:
ಪೊಲೀಸಿಗೆ? ಕೆಪಿಐಡಿ ಅಂತಾರಲ್ಲ?

ಮನೆ 214, 6ನೇ ಕ್ರಾಸ್:
ಅದು ಠೇವಣಿದಾರರ ಹಿತರಕ್ಷಣೆಗೆ ಇರೋ 2004ರ ರಾಜ್ಯ ಕಾಯ್ದೆ. ಸಕ್ಷಮ ಪ್ರಾಧಿಕಾರ ಆಸ್ತಿ ಜಪ್ತಿ ಮಾಡಿ, ವಿಶೇಷ ನ್ಯಾಯಾಲಯದ ಮೂಲಕ ಹಂಚುತ್ತೆ. ಬೇನಾಮಿ ಸಾಲ, ಖೊಟ್ಟಿ ದಾಖಲೆ ಸಿಕ್ಕರೆ ಖಂಡಿತ ಹೋಗೋಣ. ಬಹಳ ನಿಧಾನದ ದಾರಿ ಅದು. ಮೊದಲು ಆಡಿಟ್ ವರದಿಯ ನಕಲು ಕೈಗೆ ಬರಲಿ. ಮಹಾಸಭೆಯಲ್ಲಿ ಹಂಚಿದ ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಯಾರ ಮನೆಯಲ್ಲಾದರೂ ಇದೆಯಾ?

ಅಂಗಡಿ, ಮೇನ್ ರೋಡ್:
ಮೂರು ವರ್ಷದ್ದು ಐತೆ ಸಾರ್. ಸಾಮಾನು ಕಟ್ಟೋಕೆ ಇಟ್ಕಂಡಿದ್ದೆ.

ಮನೆ 214, 6ನೇ ಕ್ರಾಸ್:
ದಯವಿಟ್ಟು ಇನ್ನು ಕಟ್ಟಬೇಡಿ, ಈಗಲೇ ಬಂದು ತಗೋತೀನಿ.

ಭಾನುವಾರ ಬೆಳಿಗ್ಗೆ ಹತ್ತಕ್ಕೆ ಪಾರ್ಕಿನ ಮಂಟಪದಲ್ಲಿ ಸೇರೋಣ. ಬಾಂಡಿನ ಎರಡೂ ಬದಿಯ ಝೆರಾಕ್ಸ್, ಆಧಾರ್ ಝೆರಾಕ್ಸ್, ಬಡ್ಡಿ ಜಮಾ ಆಗ್ತಿದ್ದ ಪಾಸ್‌ಬುಕ್ ತನ್ನಿ. ಒರಿಜಿನಲ್ ಮನೆಯಲ್ಲೇ ಇರಲಿ. ನೋಟಿಸಿನ ಕರಡು ನಾನು ತರ್ತೀನಿ, ಸೋಮವಾರ ಎಲ್ಲರದ್ದೂ ಸ್ಪೀಡ್ ಪೋಸ್ಟಲ್ಲಿ ಹೋಗಲಿ. ಕೊಡಲು 15 ದಿನ ಅಂತ ಹಾಕಿದ್ದೇನೆ. ಇ-ಜಾಗೃತಿಯಲ್ಲಿ ಹಾಕೋ ಕೆಲಸ 77ರವರು ಒಪ್ಪಿಕೊಂಡಿದ್ದಾರೆ.

ಮನೆ 118, 4ನೇ ಕ್ರಾಸ್:
ನಾನು ಬರ್ತೀನಿ. ಪಕ್ಕದ ಮನೆ ಅಜ್ಜಿಗೆ ಫೋನಿಲ್ಲ, ಅವರನ್ನೂ ಕರ್ಕೊಂಡು ಬರ್ತೀನಿ, ಅವರದು ಎರಡು ಬಾಂಡ್ ಇದೆ.

ಮನೆ 52, 3ನೇ ಕ್ರಾಸ್:
ನನ್ನ ಹೆಸರೂ ಬರ್ಕೊಳ್ಳಿ. ಚೆಕ್ ಬಂದಿರೋ 140ರವರು ಬ್ಯಾಂಕಿಗೆ ಹೋದ್ರಾ?

ಮನೆ 140, 7ನೇ ಕ್ರಾಸ್:
ಈಗ ತಾನೇ ಹಾಕಿ ಬಂದೆ. ಕೌಂಟರ್‌ಫಾಯಿಲ್‌ಗೆ ಸೀಲು ಹಾಕಿಸಿಕೊಂಡಿದ್ದೀನಿ.

ಅಂಗಡಿ, ಮೇನ್ ರೋಡ್:
ಝೆರಾಕ್ಸ್ ಅಂಗಡಿ ಭಾನುವಾರ ತೆಗೆಯಲ್ಲ, ಶನಿವಾರವೇ ಮಾಡಿಸಿಕೊಳ್ಳಿ ಎಲ್ರೂ.