ಪದಚರ್ಚೆ: ‘ಒಂದೇ ಪ್ರಮಾಣದಲ್ಲಿ ಶಕ್ತಿ ಹೆಚ್ಚುತ್ತದೆ’ – ಯಾವ ಪ್ರಮಾಣ?

ಪ್ರಶ್ನೆ (ಮಂಡ್ಯ):

ಇಲ್ಲಿನ ಜಿಮ್ಮೊಂದರ ಮಹಿಳೆಯರ ಬ್ಯಾಚಿಗಾಗಿ ನಾಲ್ಕು ಪುಟದ ಕೈಪಿಡಿ ಸಿದ್ಧವಾಗುತ್ತಿದೆ. ಕರಡಿನ ಎರಡು ವಾಕ್ಯ ಹೀಗಿವೆ: “ಶಕ್ತಿ ತರಬೇತಿಯಿಂದ ಗಂಡಸರಿಗೂ ಹೆಂಗಸರಿಗೂ ಒಂದೇ ಪ್ರಮಾಣದಲ್ಲಿ ಶಕ್ತಿ ಹೆಚ್ಚುತ್ತದೆ. ಹೆಂಗಸರ ಮೈ ಉಬ್ಬುವುದಿಲ್ಲ.” ಓದಿದವರು ‘ಹಾಗಾದರೆ ಗಂಡಸರು ಎತ್ತುವಷ್ಟೇ ನಾವೂ ಎತ್ತಬಹುದಾ?’ ಎಂದು ಕೇಳುತ್ತಾರೆ. ಹೇಳಹೊರಟದ್ದು ಅದಲ್ಲ. ‘ಪ್ರಮಾಣ’ಕ್ಕೆ ಬದಲಿ ಏನು? ‘ಶಕ್ತಿ ತರಬೇತಿ’, ‘ಉಬ್ಬು’ ಕೂಡ ಕಿವಿಗೆ ಒಗ್ಗುತ್ತಿಲ್ಲ.

ಉತ್ತರ (ಮೈಸೂರು):

ತೊಡಕಿರುವುದು ‘ಪ್ರಮಾಣ’ದಲ್ಲೇ. ‘ಮಳೆಯ ಪ್ರಮಾಣ’ ಎಂದಾಗ ಅದು ಮೊತ್ತ. ‘ಸಿಮೆಂಟು ಮರಳು ಒಂದಕ್ಕೆ ನಾಲ್ಕರ ಪ್ರಮಾಣ’ ಎಂದಾಗ ಅನುಪಾತ. (ದೇವರ ಮುಂದೆ ಮಾಡುವ ಪ್ರಮಾಣ ಹಾಗಿರಲಿ.) ವ್ಯಾಯಾಮ ವಿಜ್ಞಾನ ಹೇಳುವುದು ಎರಡನೆಯದನ್ನು, ಓದುಗರ ತಲೆಗೆ ಹೋಗುವುದು ಮೊದಲನೆಯದು.

ಲೆಕ್ಕ ಹಾಕಿ ನೋಡಿ. 20 ಕೆಜಿ ಹೊತ್ತು ಬಸ್ಕಿ ಹೊಡೆಯುತ್ತಿದ್ದ ಹೆಂಗಸು ಕೆಲವು ತಿಂಗಳಲ್ಲಿ 26ಕ್ಕೆ ಬಂದಳು, 40 ಹೊರುತ್ತಿದ್ದ ಗಂಡಸು 52ಕ್ಕೆ ಬಂದ ಅನ್ನೋಣ. ಇಬ್ಬರದೂ ಶೇ 30ರ ಏರಿಕೆ. ಕೆಜಿಯಲ್ಲಿ ಆಕೆಗೆ ಸಿಕ್ಕಿದ್ದು 6, ಆತನಿಗೆ 12. ‘ಇಬ್ಬರಿಗೂ ಸಮ’ ಅನ್ನುವುದೂ ನಿಜ, ‘ಗಂಡಸಿಗೇ ಜಾಸ್ತಿ’ ಅನ್ನುವುದೂ ನಿಜ. ಕಾಲಿನ ಬಲದಲ್ಲಿ ಶೇಕಡಾ ಏರಿಕೆ ಹೆಚ್ಚುಕಡಿಮೆ ಒಂದೇ. ತೋಳು-ಭುಜದಲ್ಲಿ ಹೆಂಗಸರ ಶೇಕಡಾ ಏರಿಕೆ ತುಸು ಮುಂದೆಯೇ ಇರುತ್ತದೆ. ಅವರು ಶುರುಮಾಡುವ ಮಟ್ಟ ಅಲ್ಲಿ ಬಹಳ ಕೆಳಗಿರುವುದೂ ಇದಕ್ಕೆ ಒಂದು ಕಾರಣ.

‘ಇದ್ದದ್ದರ ಮೇಲೆ’ ಅನ್ನುವ ಮನೆಮಾತು ಸಾಕು: “ಇದ್ದ ಬಲದ ಮೇಲೆ ಇಬ್ಬರಿಗೂ ಹೆಚ್ಚುಕಡಿಮೆ ಅಷ್ಟೇ ಪಾಲು ಏರುತ್ತದೆ, ಕೆಜಿ ಲೆಕ್ಕದಲ್ಲಿ ಗಂಡಸಿನದು ಮುಂದಿರುತ್ತದೆ.” ‘ಸೇರಿಗೆ ಸವ್ವಾಸೇರು’ ಕೂಡ ಹುಟ್ಟಿನಲ್ಲಿ ಶೇ 25ರ ಲೆಕ್ಕವೇ. ಆದರೆ ಅದೀಗ ಪೈಪೋಟಿಯ ಮಾತಾಗಿದೆ, ಇಲ್ಲಿಗೆ ಬೇಡ.

ಈ ಕೆಜಿ-ಶೇಕಡಾ ಗೊಂದಲ ಮಾತಿನಲ್ಲಷ್ಟೇ ಅಲ್ಲ, ಕಬ್ಬಿಣದಲ್ಲೂ ಇದೆ. ಅದಕ್ಕೆ ಕೈಪಿಡಿಯಲ್ಲಿ ಅರ್ಧ ಪುಟ ಕೊಡಿ. ಸಾಮಾನ್ಯವಾಗಿ ಜಿಮ್ಮಿನಲ್ಲಿ ಸಿಗುವ ಅತಿ ಚಿಕ್ಕ ಪ್ಲೇಟು 1.25 ಕೆಜಿಯದು. ಬಾರಿನ (ಪ್ಲೇಟು ಸಿಕ್ಕಿಸುವ ಕಬ್ಬಿಣದ ಸರಳಿನ) ಎರಡೂ ಬದಿಗೆ ಹಾಕಿದರೆ 2.5. ತಲೆಯ ಮೇಲಕ್ಕೆ 50 ಕೆಜಿ ಒತ್ತುವವನಿಗೆ ಅದು ಶೇ 5ರ ಹೆಜ್ಜೆ; 15 ಒತ್ತುವವಳಿಗೆ ಹತ್ತಿರಹತ್ತಿರ ಶೇ 17. ಡಂಬೆಲ್ಲಿನಲ್ಲಿ 5ರಿಂದ 7.5ಕ್ಕೆ ಹಾರುವುದೆಂದರೆ ಅರ್ಧಕ್ಕರ್ಧ ಹೆಚ್ಚು. ಆಕೆ ಅಲ್ಲೇ ಸಿಕ್ಕಿಕೊಂಡಾಗ ‘ಹೆಂಗಸರ ಬಲ ಇಷ್ಟಕ್ಕೇ ನಿಂತುಹೋಗುತ್ತದೆ’ ಎಂಬ ತೀರ್ಪು ಬರುತ್ತದೆ. ನಿಂತದ್ದು ಬಲವಲ್ಲ, ಪ್ಲೇಟಿನ ಮೆಟ್ಟಿಲು ಎತ್ತರ. ಅರ್ಧ ಕೆಜಿಯ ಜೋಡಿ ತರಿಸಿದರೆ ಹೆಜ್ಜೆ 1 ಕೆಜಿಗೆ ಇಳಿಯುತ್ತದೆ. ಅದಿಲ್ಲದಿದ್ದರೆ 5 ಕೆಜಿಯಲ್ಲೇ 8 ಸಲದಿಂದ 15 ಸಲದವರೆಗೆ ಹೋಗಿ, ಆಮೇಲೆ 7.5 ಹಿಡಿಯಲಿ. ಸ್ಪರ್ಧೆಯ ಬಾರ್ ಕೂಡ ಹೆಂಗಸರಿಗೆ 15 ಕೆಜಿ, 25 ಮಿಲಿಮೀಟರ್ ದಪ್ಪ. ಗಂಡಸರಿಗೆ 20 ಕೆಜಿ, 28 ಮಿಲಿಮೀಟರ್. ಬರೀ 20ರ ಬಾರ್ ಇರುವ ಕಡೆ ಹೊಸಬಳು ಖಾಲಿ ಬಾರನ್ನೇ ಎತ್ತಲಾರದೆ ವಾಪಸ್ ಹೋಗುವುದುಂಟು.

‘ಶಕ್ತಿ ತರಬೇತಿ’ ಬಿಡಿ. ಶಾಲೆಯ ಪಾಠದಲ್ಲಿ ಶಕ್ತಿ ಎಂದರೆ ಜೌಲಿನಲ್ಲಿ ಅಳೆಯುವುದು, ಬಲ ಎಂದರೆ ನ್ಯೂಟನ್ನಿನಲ್ಲಿ. ಮಾಂಸಖಂಡ ಹಾಕುವುದು ಬಲ. ಅಲ್ಲದೆ 2023ರಿಂದೀಚೆಗೆ ‘ಶಕ್ತಿ’ ಎಂದರೆ ಹೆಂಗಸರಿಗೆ ಮೊದಲು ಹೊಳೆಯುವುದು ಬಸ್ಸಿನ ಟಿಕೆಟ್ಟು! ಮೈಸೂರಿನವರ ಬಾಯಲ್ಲಿ ಬೇರೆ ಮಾತೇ ಇದೆ: ದಸರಾ ಆನೆಗಳಿಗೆ ಮರಳಿನ ಮೂಟೆ ಹೊರಿಸಿ, ಹಂತಹಂತವಾಗಿ ತೂಕ ಏರಿಸುತ್ತಾ 750 ಕೆಜಿಯ ಅಂಬಾರಿಗೆ ಅಣಿಮಾಡುವುದಕ್ಕೆ ‘ಭಾರ ಹೊರುವ ತಾಲೀಮು’ ಅನ್ನುತ್ತಾರೆ. ಗರಡಿಮನೆಯಲ್ಲೂ ತಾಲೀಮು ಹಳೆಯ ಮಾತು. ‘ಭಾರದ ತಾಲೀಮು’ ಎಂದರೆ ತೂಕ ಏರಿಸುತ್ತಾ ಹೋಗಬೇಕೆಂಬ ಮುಖ್ಯ ಅಂಶವೂ ಒಳಗೇ ಬರುತ್ತದೆ.

ಉತ್ತರ (ಮಂಡ್ಯ, ಇನ್ನೊಬ್ಬರು):

‘ಪಾಲು’ ಒಪ್ಪಿದೆ. ಆದರೆ ಮೈ ದಪ್ಪವಾದೀತೆಂದು ಹೆದರಿ ಬಂದ ಹೆಂಗಸಿನ ಕೈಗೆ ಆನೆಯ ತಾಲೀಮು ಕೊಡಬೇಡಿ. ‘ಸಾಮು’ ಏಕಾಗಬಾರದು? ಶ್ರಮದ ತದ್ಭವ, ಎರಡೇ ಅಕ್ಷರ. ಕಲ್ಯಾಣದ ಚಾಲುಕ್ಯ ಮೂರನೇ ಸೋಮೇಶ್ವರನ 12ನೇ ಶತಮಾನದ ಮಾನಸೋಲ್ಲಾಸದಲ್ಲಿ ಮಲ್ಲರ ಸಾಧನೆಗಳ ಸಾಲಿನಲ್ಲಿ ‘ಭಾರಶ್ರಮ’ ಇದೆ. ಕನ್ನಡಿಸಿದರೆ ಭಾರದ ಸಾಮು.

‘ಉಬ್ಬು’ ತೆಗೆಯಬೇಡಿ, ಜಾಗ ಬದಲಿಸಿ. ಒಂದು ಸೆಟ್ (ನಡುವೆ ನಿಲ್ಲಿಸದೆ ಎತ್ತುವ ಒಂದು ಸುತ್ತು) ಮುಗಿದ ಕೂಡಲೇ ರಕ್ತ, ದ್ರವ ತುಂಬಿ ತೋಳು ಬಿಗಿಯುತ್ತದಲ್ಲ, ಅದು ಉಬ್ಬು. ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಆಗ ಟೇಪು ಹಿಡಿದು ಗಾಬರಿಯಾಗುವವರಿದ್ದಾರೆ. ಅಳತೆ ಬೆಳಿಗ್ಗೆ, ಕಸರತ್ತಿಗೆ ಮೊದಲು, ಪ್ರತಿಸಲ ತೋಳಿನ ಅದೇ ಜಾಗದಲ್ಲಿ ತೆಗೆಯಬೇಕು. ಉಳಿಯುವ ಬದಲಾವಣೆಗೆ ನಮ್ಮಲ್ಲಿ ‘ಹುರಿಗಟ್ಟು’ ಇದೆ. ಹಗ್ಗದ ಹಾಗೆ ಮಾಂಸಖಂಡವೂ ಎಳೆಗಳ ಕಟ್ಟು. ತಾಲೀಮಿನಿಂದ ಮುಖ್ಯವಾಗಿ ಎಳೆಯ ದಪ್ಪ ಏರುತ್ತದೆ, ಸಂಖ್ಯೆಯಲ್ಲ. ಮೊದಲ ಕೆಲವು ವಾರ ಅದೂ ಅಷ್ಟಾಗಿ ಇರುವುದಿಲ್ಲ, ನರಗಳು ಹೆಚ್ಚು ಎಳೆಗಳನ್ನು ಒಟ್ಟಿಗೆ ಕೆಲಸಕ್ಕೆಳೆಯಲು ಕಲಿಯುವುದರಿಂದಲೇ ತೂಕ ಏರುತ್ತದೆ.

‘ಉಬ್ಬುವುದಿಲ್ಲ’ ಎಂಬ ವಾಕ್ಯವೂ ಅರ್ಧಸತ್ಯ. ಹೆಂಗಸರ ಎಳೆಯೂ ಇದ್ದದ್ದರ ಮೇಲೆ ಅಷ್ಟೇ ಪಾಲು ದಪ್ಪವಾಗುತ್ತದೆ. ಮೈನೆರೆದ ಮೇಲೆ ಗಂಡಸರ ಟೆಸ್ಟೋಸ್ಟಿರೋನ್ ಹಾರ್ಮೋನು ಹೆಂಗಸರದಕ್ಕಿಂತ ಸುಮಾರು 15 ಪಟ್ಟು ಏರುವುದರಿಂದ ಅವರ ಶುರುವಿನ ಗಾತ್ರವೇ ದೊಡ್ಡದು, ಕಣ್ಣಿಗೆ ಕಾಣುವ ಅಂತರ ಅದರದು. ಬಲಕ್ಕೆ ದೊಡ್ಡ ಮೈಯೇ ಬೇಕೆಂದೂ ಇಲ್ಲ: ಟೋಕಿಯೊ ಒಲಿಂಪಿಕ್ಸಿನ ಭಾರ ಎತ್ತುವ ಸ್ಪರ್ಧೆಯಲ್ಲಿ ಬೆಳ್ಳಿ ಗೆದ್ದ ಮೀರಾಬಾಯಿ ಚಾನು 49 ಕೆಜಿ ವರ್ಗದವರು. ಎತ್ತಿದ್ದು ಸ್ನ್ಯಾಚ್ ಎಂಬ ಬಗೆಯಲ್ಲಿ 87 ಕೆಜಿ, ಕ್ಲೀನ್ ಅಂಡ್ ಜರ್ಕ್ ಎಂಬುದರಲ್ಲಿ 115.

ಮತ್ತೆ, ಕರಡಿನಲ್ಲಿ ‘ಸೆಟ್ ನಡುವಿನ ವಿಶ್ರಾಂತಿ ಅವಧಿ’ ಅಂತೇನಾದರೂ ಇದ್ದರೆ ‘ದಣಿವಾರು’ ಹಾಕಿ. ಭಾರ ಹೆಚ್ಚಿದ್ದರೆ 2–3 ನಿಮಿಷ. ತಮ್ಮ ಗರಿಷ್ಠದ ಶೇ 70ರಷ್ಟು ಹೊತ್ತಾಗ ಹೆಂಗಸರು ಸಾಮಾನ್ಯವಾಗಿ ಗಂಡಸರಿಗಿಂತ ಹೆಚ್ಚು ಸಲ ಎತ್ತುತ್ತಾರೆ, ಬೇಗ ದಣಿವಾರಿಸಿಕೊಳ್ಳುತ್ತಾರೆ. ಹಾಗಾಗಿ ಗಂಡಸರ ಚಾರ್ಟಿನ ‘10 ಸಲ’ವನ್ನೇ ನಕಲು ಮಾಡಿದರೆ ಆಕೆಗೆ ಸೆಟ್ಟು ಸಪ್ಪೆಯಾಗುತ್ತದೆ. ‘ಇನ್ನು ಎರಡು ಸಲ ಮಾತ್ರ ಆಗುತ್ತದೆ ಅನ್ನಿಸಿದಾಗ ನಿಲ್ಲಿಸಿ’ ಎಂದು ಬರೆಯಿರಿ.

ಮರುತ್ತರ (ಮೈಸೂರು):

ಸಾಮು ನಮ್ಮ ಗರಡಿಗಳಲ್ಲಿ ಸರಿ, ಆದರೆ ಜಿಮ್ಮಿಗೆ ಹೋಗುವ ಹುಡುಗಿಯರು ಅದನ್ನು ಲಾಠಿ, ಕತ್ತಿ ತಿರುಗಿಸುವುದು ಅಂದುಕೊಂಡಾರು. ‘ಭಾರದ ತಾಲೀಮು’ ಇರಲಿ. ಆನೆ ನಮ್ಮ ಊರಿನವರಿಗಷ್ಟೇ ನೆನಪಾಗುವುದು.